ಮರುಭೂಮಿಯ ಬೆಟ್ಟದಲ್ಲಿ ಕಬ್ಬಿಣ

ಪ್ರಶ್ನೆ: ಅಮೆರಿಕದ ಮೊಹಾವಿ ಮರುಭೂಮಿಯ ಬೆಟ್ಟಗಳಲ್ಲಿ ಅಲ್ಲಲ್ಲಿ ಕಬ್ಬಿಣದ ಅದಿರಿನ ಸಣ್ಣ ಸಣ್ಣ ತುಣುಕುಗಳು ಸಿಗುತ್ತವಂತೆ, ಅದೂ ಸುಣ್ಣಕಲ್ಲಿನ ಪಕ್ಕದಲ್ಲೇ. ಯಾಕೆ ಹಾಗೆ? ಕಪ್ಪಗೆ ಕಾಣೋ ಕಲ್ಲೆಲ್ಲ ಅದಿರೇನಾ?

ಉತ್ತರ: ಅಲ್ಲವೇ ಅಲ್ಲ! ಮರುಭೂಮಿಯಲ್ಲಿ ಸಾಮಾನ್ಯ ಕಲ್ಲಿನ ಮೇಲೂ ಕಬ್ಬಿಣ ಮತ್ತು ಮ್ಯಾಂಗನೀಸಿನ ತೆಳುವಾದ ಕಪ್ಪು ಲೇಪ ಕೂರುತ್ತದೆ. ಸುತ್ತಿಗೆಯಿಂದ ಒಡೆದರೆ ಒಳಗೆ ಬೇರೆಯದೇ ಬಣ್ಣ. ನಿಜವಾದ ಮ್ಯಾಗ್ನೆಟೈಟ್ (ಕಬ್ಬಿಣದ ಕಪ್ಪು ಅದಿರು) ಒಳಗೂ ಕಪ್ಪೇ, ಕೈಗೆತ್ತಿಕೊಂಡರೆ ಭಾರ ಗೊತ್ತಾಗುತ್ತದೆ, ಅಯಸ್ಕಾಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹೊಳಪಿಲ್ಲದ ಪಿಂಗಾಣಿ ಬಿಲ್ಲೆ ಮೇಲೆ ಉಜ್ಜಿ ನೋಡಿ: ಮ್ಯಾಗ್ನೆಟೈಟ್ ಆದರೆ ಕಪ್ಪು ಗೆರೆ, ಕಬ್ಬಿಣದ ಇನ್ನೊಂದು ಅದಿರು ಹೆಮಟೈಟ್ ಆದರೆ ಕೆಂಪು-ಕಂದು ಗೆರೆ.

ಇನ್ನು ಸುಣ್ಣಕಲ್ಲಿನ ವಿಷಯ. ನೆಲದಾಳದಲ್ಲಿ ಕರಗಿದ ಶಿಲಾಪಾಕ ಮೇಲೇರಿ ಬಂದು ಹಳೆಯ ಸುಣ್ಣಕಲ್ಲನ್ನೋ ಅದರಂಥದೇ ಕಲ್ಲಾದ ಡಾಲಮೈಟನ್ನೋ ಮುಟ್ಟಿದಾಗ, ಅದರಿಂದ ಹೊರಟ ಕಬ್ಬಿಣ ಬೆರೆತ ಬಿಸಿ ದ್ರವ ಬಿರುಕುಗಳಲ್ಲಿ ನುಗ್ಗಿ ಆ ಕಲ್ಲನ್ನು ತಿನ್ನುತ್ತಾ ಹೋಗುತ್ತದೆ, ತಿಂದ ಜಾಗದಲ್ಲಿ ಮ್ಯಾಗ್ನೆಟೈಟ್ ಬಿಟ್ಟು ಹೋಗುತ್ತದೆ. ಇಂಥದಕ್ಕೆ ಸ್ಕಾರ್ನ್ ಅಂತಾರೆ. ಜೊತೆಗೆ ಕಂದು ಗಾರ್ನೆಟ್, ಹಸಿರು ಎಪಿಡೋಟ್ ಎಂಬ ಖನಿಜಗಳು ಕಂಡರೆ ಗುರುತು ಇನ್ನೂ ಗಟ್ಟಿ. ದ್ರವ ಎಲ್ಲಿ ನುಗ್ಗಿತೋ ಅಲ್ಲಿ ಮಾತ್ರ ಅದಿರು, ಹಾಗಾಗಿ ಆಕಾರ ಸೊಟ್ಟಪಟ್ಟ. ಆಮೇಲೆ ಭೂಮಿಯ ಪದರಗಳು ಸರಿದು ಅದನ್ನೂ ತುಂಡರಿಸಿರುತ್ತವೆ.

ಕ್ಯಾಲಿಫೋರ್ನಿಯಾದ ಈಗಲ್ ಮೌಂಟನ್‌ನಲ್ಲಿ ಇದೇ ಬಗೆಯ ಅದಿರು ದೊಡ್ಡದಾಗಿತ್ತು, 1948ರಿಂದ ದಶಕಗಳ ಕಾಲ ಗಣಿ ನಡೆಯಿತು. ಸಣ್ಣವಕ್ಕೆ ಆ ಯೋಗವಿಲ್ಲ. ಶುದ್ಧ ಮ್ಯಾಗ್ನೆಟೈಟಿನಲ್ಲಿ ಸುಮಾರು 72% ಕಬ್ಬಿಣ ಇದ್ದರೂ, ಅಗ್ಗದ ಸರಕನ್ನು ದಾರಿಯಿಲ್ಲದ ಬೆಟ್ಟದಿಂದ ಸಾಗಿಸೋ ಖರ್ಚೇ ಜಾಸ್ತಿ ಆಗಿಬಿಡುತ್ತದೆ, ಅಲ್ವಾ?