ನಡೆದದ್ದಕ್ಕೆ ಊಟದ ಕೂಲಿ: ಒಂದು ಆಪ್ತಸಲಹೆ ಪ್ರಕರಣ

ತೂಕ ಇಳಿಸಲು ಹೊರಟವರು ವ್ಯಾಯಾಮದಲ್ಲಿ ಖರ್ಚಾದ ಕ್ಯಾಲೊರಿಯನ್ನು ಊಟದಲ್ಲಿ ಮರಳಿ ತಿನ್ನಬಹುದೇ ಎಂಬ ಪ್ರಶ್ನೆಗೆ ಸಂಬಂಧಿಸಿದ ಪ್ರಕರಣವಿದು. ಇದರ ಮಹಿಳೆಯ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಅವರನ್ನು ಸುಜಾತಾ ಎಂದು ಕರೆಯುತ್ತೇನೆ. ವಯಸ್ಸು 38, ಎತ್ತರ 158 ಸೆಂಟಿಮೀಟರ್, ಮೊದಲ ಭೇಟಿಯ ದಿನ ತೂಕ 74 ಕಿಲೋ. ಗಂಡನ ಮನೆ ತೀರ್ಥಹಳ್ಳಿ ಕಡೆಯದು, ವಾಸ ಮತ್ತು ಕೆಲಸ ಎರಡೂ ಶಿವಮೊಗ್ಗದಲ್ಲಿ. ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಬೆಳಗ್ಗೆ ಕುರ್ಚಿಯಲ್ಲಿ ಕುಳಿತರೆ ಮಧ್ಯಾಹ್ನದ ಊಟದ ಹೊತ್ತಿಗೇ ಏಳುವುದು. ಥೈರಾಯ್ಡ್ ಮತ್ತು ಸಕ್ಕರೆಯ ಪರೀಕ್ಷೆಗಳನ್ನು ವೈದ್ಯರು ಮೊದಲೇ ಮಾಡಿಸಿದ್ದರು, ಎರಡರಲ್ಲೂ ತೊಂದರೆ ಇರಲಿಲ್ಲ. ಮುಟ್ಟು ಕ್ರಮವಾಗಿತ್ತು. ಹೀಗಿದ್ದೂ ಯುಗಾದಿಯಿಂದ ಸೆಪ್ಟೆಂಬರ್‌ವರೆಗೆ, ಮಳೆ ಬಿಡುವು ಕೊಟ್ಟ ದಿನಗಳಲ್ಲೆಲ್ಲ ಸಂಜೆ ಒಂದು ಗಂಟೆ ನಡೆದರೂ, ತೂಕದ ಮುಳ್ಳು ಅರ್ಧ ಕಿಲೋ ಆಚೀಚೆ ಆಡಿದ್ದು ಬಿಟ್ಟರೆ ಕೆಳಗಿಳಿದಿರಲಿಲ್ಲ.

ಅವರು ನನ್ನ ಮೇಜಿನ ಮೇಲೆ ಇಟ್ಟದ್ದು ಉದ್ದನೆಯ, ಕೆಂಪು ಬಟ್ಟೆಯ ರಟ್ಟಿನ ಒಂದು ಲೆಕ್ಕದ ಪುಸ್ತಕ. ಪ್ರತಿ ಪುಟದಲ್ಲೂ ನಡುವೆ ಗೆರೆ ಎಳೆದು ಎಡಕ್ಕೆ ‘ಜಮೆ’, ಬಲಕ್ಕೆ ‘ಖರ್ಚು’ ಎಂದು ಬರೆದಿದ್ದರು. ಜಮೆಯ ಕಡೆ ಮೊಬೈಲ್ ಆ್ಯಪ್ ಕೊಟ್ಟ ದಿನದ ಮಿತಿ 1,400 ಕ್ಯಾಲೊರಿ, ಅದರ ಕೆಳಗೆ ಕೈಗಡಿಯಾರ ತೋರಿಸಿದ ನಡಿಗೆಯ ಕ್ಯಾಲೊರಿ. ಖರ್ಚಿನ ಕಡೆ ತಿಂದದ್ದೆಲ್ಲ. ದಿನದ ಕೊನೆಗೆ ಎರಡೂ ಸರಿಹೊಂದಬೇಕು. ಫ್ರೀಡಂ ಪಾರ್ಕಿನಲ್ಲಿ ನಡೆದ ಒಂದು ಸಂಜೆಯ ಜಮೆ 410 ಎಂದಿತ್ತು, ಖರ್ಚಿನಲ್ಲಿ ಒಂದು ಬನ್ಸ್, ಸಕ್ಕರೆ ಹಾಕಿದ ಕಾಫಿ, ರಾತ್ರಿ ಒಂದು ಸೌಟು ಹೆಚ್ಚುವರಿ ಅನ್ನ. “ಮೇಡಂ, ನಡೆದು ಗಳಿಸಿದ್ದನ್ನೇ ತಿಂದಿದ್ದೇನೆ, ಸಾಲ ಮಾಡಿ ತಿಂದಿಲ್ಲವಲ್ಲ” ಎಂದರು. ಇಷ್ಟು ಅಚ್ಚುಕಟ್ಟಾದ ಪುಸ್ತಕವನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಕೂಡಿಸಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ತಪ್ಪಿದ್ದದ್ದು ಜಮೆಗೆ ಬಂದ ಅಂಕಿಗಳಲ್ಲಿ.

ಮೊದಲು ಆ 410ನ್ನೇ ಎತ್ತಿಕೊಂಡೆವು. ಗಂಟೆಗೆ ಐದು ಕಿಲೋಮೀಟರ್ ವೇಗದ ಸಮತಟ್ಟು ನಡಿಗೆಯಲ್ಲಿ ದೇಹ, ಸುಮ್ಮನೆ ಕುಳಿತಾಗ ಬಳಸುವ ಶಕ್ತಿಯ ಸುಮಾರು ಮೂರೂವರೆ ಪಟ್ಟು ಬಳಸುತ್ತದೆ. ಸುಮ್ಮನೆ ಕುಳಿತವರಿಗೆ ಗಂಟೆಗೆ ದೇಹತೂಕದ ಪ್ರತಿ ಕಿಲೋಗೆ ಒಂದು ಕ್ಯಾಲೊರಿಯಷ್ಟು ಬೇಕು ಎಂದು ಹಿಡಿದರೆ, 74 ಕಿಲೋದ ದೇಹಕ್ಕೆ ಒಂದು ಗಂಟೆಯ ನಡಿಗೆಗೆ ಒಟ್ಟು 260 ಕ್ಯಾಲೊರಿ ತಗಲುತ್ತದೆ. ಆದರೆ ಆ ಗಂಟೆ ಅವರು ಮನೆಯಲ್ಲೇ ಕುಳಿತಿದ್ದರೂ 74 ಕ್ಯಾಲೊರಿ ಹೇಗೂ ಖರ್ಚಾಗುತ್ತಿತ್ತು, ಮತ್ತು ಆ 74 ಆ್ಯಪ್ ಕೊಟ್ಟ ದಿನದ ಮಿತಿಯೊಳಗೆ ಆಗಲೇ ಸೇರಿದೆ. ಅದನ್ನು ಕಳೆದರೆ ನಡಿಗೆಯಿಂದ ನಿಜಕ್ಕೂ ಹೆಚ್ಚುವರಿಯಾಗಿ ಖರ್ಚಾದದ್ದು 185ರ ಆಸುಪಾಸು.

ಇದನ್ನು ವಿವರಿಸಲು ನನಗೆ ಹೆಚ್ಚು ಮಾತು ಬೇಕಾಗಲಿಲ್ಲ. ಮಂಡಿಯಲ್ಲಿ ಅಡಿಕೆ ತೂಗುವಾಗ ಖಾಲಿ ಗೋಣಿಚೀಲದ ತೂಕ ಕಳೆದಲ್ಲವೇ ದರ ಕಟ್ಟುವುದು ಎಂದು ಕೇಳಿದೆ. ಸುಜಾತಾ ಒಂದು ಕ್ಷಣ ಸುಮ್ಮನಿದ್ದು, “ಹಾಗಾದರೆ ನಾನು ಇಷ್ಟು ದಿನ ಚೀಲವನ್ನೂ ಅಡಿಕೆಯ ದರಕ್ಕೇ ಹಾಕಿದ್ದೇನೆ” ಎಂದರು.

ಆದರೆ ಚೀಲ ಕಳೆದರೂ 410ಕ್ಕೂ 260ಕ್ಕೂ ಅಂತರ ಉಳಿಯುತ್ತದೆ. ಅದು ಗಡಿಯಾರದ ಪಾಲು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮಣಿಕಟ್ಟಿಗೆ ಕಟ್ಟುವ ಏಳು ಸಾಧನಗಳನ್ನು 60 ಮಂದಿಯ ಮೇಲೆ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಆರು ಸಾಧನಗಳು ಹೃದಯಬಡಿತವನ್ನು ಶೇ. 5ಕ್ಕಿಂತ ಕಡಿಮೆ ದೋಷದಿಂದ ಅಳೆದಿದ್ದವು. ಕ್ಯಾಲೊರಿಯ ವಿಷಯಕ್ಕೆ ಬಂದರೆ ಎಲ್ಲಕ್ಕಿಂತ ನಿಖರವಾದದ್ದೂ ಸರಾಸರಿ ಶೇ. 27ರಷ್ಟು, ಎಲ್ಲಕ್ಕಿಂತ ಕಳಪೆಯಾದದ್ದು ಶೇ. 93ರಷ್ಟು ತಪ್ಪಿತ್ತು. ಅಂದಿನಿಂದ ಸಾಧನಗಳು ಸುಧಾರಿಸಿರಬಹುದು, ಆದರೂ ಅವು ನಮ್ಮ ದೇಹದೊಳಗಿನ ಉರಿಯನ್ನು ನೇರವಾಗಿ ಅಳೆಯುವುದಿಲ್ಲ. ಬಡಿತ, ಕೈಯ ಅಲುಗಾಟ, ನಾವು ತುಂಬಿಸಿದ ವಯಸ್ಸು ಮತ್ತು ತೂಕಗಳಿಂದ ಅಂದಾಜು ಕಟ್ಟುತ್ತವೆ. ಸುಜಾತಾ ಅವರನ್ನು ಕುರ್ಚಿಯಲ್ಲೇ ಕೂರಿಸಿ, ತುರಿಮಣೆಯ ಮೇಲೆ ಕಾಯಿ ತುರಿಯುವ ಹಾಗೆ ಎರಡು ನಿಮಿಷ ಕೈ ಆಡಿಸಲು ಹೇಳಿದೆ. ಕೂತಲ್ಲೇ ಹೆಜ್ಜೆಗಳ ಎಣಿಕೆ ಏರಿತು. ಇಬ್ಬರೂ ನಕ್ಕೆವು, ಆದರೆ ಅವರ ನಗುವಿನಲ್ಲಿ ಸ್ವಲ್ಪ ಸಿಟ್ಟೂ ಇತ್ತು.

ಮೂರನೆಯ ತಪ್ಪು ಇನ್ನೂ ಸೂಕ್ಷ್ಮವಾದದ್ದು, ಮತ್ತು ನನ್ನ ಬಳಿ ಬರುವವರಲ್ಲಿ ಅತಿ ಹೆಚ್ಚು ಕಾಣುವುದು ಅದೇ. ಆ್ಯಪ್ ತೆರೆದಾಗ ‘ನಿಮ್ಮ ಚಟುವಟಿಕೆ ಎಷ್ಟು’ ಎಂಬ ಪ್ರಶ್ನೆಗೆ ಅವರು ಸಂಜೆಯ ನಡಿಗೆಯನ್ನು ನೆನೆದು ‘ಲಘು ಚಟುವಟಿಕೆ ಉಂಟು’ ಎಂಬುದನ್ನು ಆರಿಸಿದ್ದರು. ಅವರ ವಯಸ್ಸು, ಎತ್ತರ, ತೂಕಕ್ಕೆ ಮಿಫ್ಲಿನ್–ಸೇಂಟ್ ಜಿಯರ್ ಸೂತ್ರದ ಪ್ರಕಾರ ವಿಶ್ರಾಂತಿಯಲ್ಲಿ ಬೇಕಾದ ಶಕ್ತಿ ದಿನಕ್ಕೆ ಸುಮಾರು 1,376 ಕ್ಯಾಲೊರಿ. ಕುಳಿತು ಮಾಡುವ ಕೆಲಸದವರಿಗೆ ಇದನ್ನು 1.2ರಿಂದ ಗುಣಿಸುತ್ತಾರೆ, 1,650 ಬರುತ್ತದೆ; ಅವರು ಆರಿಸಿಕೊಂಡ ಉತ್ತರಕ್ಕೆ 1.375ರಿಂದ ಗುಣಿಸುತ್ತಾರೆ, 1,890 ಬರುತ್ತದೆ. ಅಂದರೆ ಸಂಜೆಯ ನಡಿಗೆಗೆಂದು ಆ್ಯಪ್ ಮೊದಲೇ 240 ಕೊಟ್ಟು, ಅದರಿಂದ 500 ಕಳೆದು 1,400ರ ಮಿತಿ ಹಾಕಿತ್ತು. ಅದೇ ನಡಿಗೆಗೆ ಗಡಿಯಾರ ಮತ್ತೆ 410 ಕೊಟ್ಟಿತು. ಒಂದೇ ಮಾಲಿಗೆ ಎರಡು ಬಾರಿ ಹಣ ಸಂದಾಯ.

ಈಗ ಒಟ್ಟು ಲೆಕ್ಕ ನೋಡಿ. ನಡೆದ ದಿನ ಅವರ ನಿಜವಾದ ಖರ್ಚು 1,650ಕ್ಕೆ 185 ಸೇರಿ ಸುಮಾರು 1,835. ಪುಸ್ತಕದ ಪ್ರಕಾರ ತಿಂದದ್ದು 1,810. ಇದರ ಮೇಲೆ ಒಗ್ಗರಣೆಗೆ ಬಾಟಲಿಯಿಂದ ನೇರವಾಗಿ ಸುರಿದ, ಪುಸ್ತಕಕ್ಕೆ ಸೇರದ ಎಣ್ಣೆ. ಒಂದು ಚಹಾ ಚಮಚಕ್ಕೆ ನಲವತ್ತು ಕ್ಯಾಲೊರಿಗೂ ಹೆಚ್ಚು. ತೂಕ ಇಳಿಯದೆ ಇದ್ದದ್ದರಲ್ಲಿ ಯಾವ ರಹಸ್ಯವೂ ಇರಲಿಲ್ಲ.

ಲೆಕ್ಕ ಇಷ್ಟೇ ಆಗಿದ್ದರೆ ಒಂದೇ ಭೇಟಿಯಲ್ಲಿ ಮುಗಿಸಿ ಕಳಿಸಬಹುದಿತ್ತು. ಪುಸ್ತಕದ ಜುಲೈ ತಿಂಗಳ ಪುಟಗಳು ನನ್ನನ್ನು ತಡೆದವು. ಆಷಾಢದ ಮಳೆ ಹಿಡಿದು ಕುಳಿತ ಎಂಟು ದಿನ ಜಮೆಯ ಕಡೆ ಸೊನ್ನೆ ಇತ್ತು, ಖರ್ಚಿನ ಕಡೆ ರಾತ್ರಿಯ ಊಟದ ಜಾಗ ಖಾಲಿ, ಮತ್ತು ಎಂಟರಲ್ಲಿ ಐದು ದಿನ ರಾತ್ರಿ ಹತ್ತರ ನಂತರ ಸಣ್ಣ ಅಕ್ಷರದಲ್ಲಿ ‘ಹಲಸಿನ ಹಪ್ಪಳ, ಲೆಕ್ಕವಿಲ್ಲ’. ಕೇಳಿದಾಗ, ನಡೆಯದ ದಿನ ತಟ್ಟೆಗೆ ಕೂರಲು ಮನಸ್ಸು ಒಪ್ಪುವುದಿಲ್ಲ, ಆಮೇಲೆ ಹಸಿವು ತಡೆಯುವುದಿಲ್ಲ, ಎಲ್ಲರೂ ಮಲಗಿದ ಮೇಲೆ ಡಬ್ಬಿಯ ಮುಚ್ಚಳ ಸದ್ದಾಗದಂತೆ ತೆಗೆಯುತ್ತೇನೆ ಎಂದರು. ದುಡಿಯದೆ ಉಂಡ ಅನ್ನ ದಕ್ಕುವುದಿಲ್ಲ ಎಂದು ಅವರ ಅಜ್ಜಿ ಹೇಳುತ್ತಿದ್ದರಂತೆ. ಆ ಮಾತು ಗದ್ದೆ ತೋಟದ ಮನೆಯಲ್ಲಿ ಸೋಮಾರಿಗಳಿಗೆ ಹೇಳಿದ್ದು. ಎಂಟು ಗಂಟೆ ಲೆಕ್ಕ ಬರೆದು, ಮನೆಗೆ ಬಂದು ನಾಲ್ವರಿಗೆ ಅಡುಗೆ ಮಾಡುವವರಿಗೆ ಹೇಳಿದ್ದಲ್ಲ. “ಮಳೆ ಎಂದು ಮಗ ಆಟಕ್ಕೆ ಹೋಗದ ದಿನ ಅವನಿಗೆ ರಾತ್ರಿ ಬಡಿಸುವುದಿಲ್ಲವೇ?” ಎಂದು ಕೇಳಿದೆ. ಅವರು ಉತ್ತರಿಸಲಿಲ್ಲ, ಕಣ್ಣು ಒರೆಸಿಕೊಂಡರು.

ನನ್ನ ಅಭಿಪ್ರಾಯದಲ್ಲಿ ವ್ಯಾಯಾಮದ ಕ್ಯಾಲೊರಿಯನ್ನು ಮರಳಿ ತಿನ್ನುವ ಪದ್ಧತಿಯ ದೊಡ್ಡ ತೊಡಕು ಇಲ್ಲಿದೆ. ಅಂಕಿಗಳನ್ನು ತಿದ್ದಬಹುದು, ಆದರೆ ಊಟವನ್ನು ಕೂಲಿಯೆಂದು ಒಮ್ಮೆ ಒಪ್ಪಿಕೊಂಡ ಮೇಲೆ ಕೆಲಸವಿಲ್ಲದ ದಿನ ಉಪವಾಸ, ಕೆಲಸವಾದ ದಿನ ಬಹುಮಾನ ಎಂಬ ಎರಡು ಅತಿಗಳ ನಡುವೆ ಮನಸ್ಸು ತೂಗಾಡುತ್ತದೆ. ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮಳೆ ಸುರಿಯುವ ಮಲೆನಾಡಿನಲ್ಲಿ ಈ ವ್ಯವಸ್ಥೆ ನಡೆಯುವುದೂ ಇಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಪುಸ್ತಕದ ಜಮೆಯ ಅಂಕಣವನ್ನು ನಾಲ್ಕು ವಾರ ಮುಚ್ಚಬೇಕು. ನಡೆದರೂ ನಡೆಯದಿದ್ದರೂ ದಿನಕ್ಕೆ ಸುಮಾರು 1,450 ಕ್ಯಾಲೊರಿಯ ಒಂದೇ ಅಳತೆಯ ಊಟ, ಮೂರು ಹೊತ್ತು, ರಾತ್ರಿಯದ್ದನ್ನು ಯಾವ ಕಾರಣಕ್ಕೂ ಬಿಡುವ ಹಾಗಿಲ್ಲ. ನಡೆದ ದಿನ ಕೊರತೆ ನಾನೂರರ ಹತ್ತಿರ, ಮಳೆಯ ದಿನ ಇನ್ನೂರರ ಹತ್ತಿರ ಬೀಳುತ್ತದೆ, ಎರಡೂ ಇಳಿಕೆಯೇ. ಅಕ್ಕಿ ರೊಟ್ಟಿ, ತಂಬುಳಿ, ಅನ್ನ ಯಾವುದನ್ನೂ ನಿಷೇಧಿಸಲಿಲ್ಲ. ಎಣ್ಣೆಯನ್ನು ಚಮಚದಲ್ಲಿ ಅಳೆಯಲು, ಅನ್ನಕ್ಕೆ ಒಂದೇ ಬಟ್ಟಲು ಇಟ್ಟುಕೊಳ್ಳಲು, ದಿನಕ್ಕೆ ಎರಡು ಹೊತ್ತಾದರೂ ಕಾಳು, ಮೊಟ್ಟೆ ಅಥವಾ ಮೊಸರು ಇರುವಂತೆ ನೋಡಿಕೊಳ್ಳಲು ಹೇಳಿದೆ. ನಡೆದು ಬಂದು ನಿಜವಾಗಿ ಹಸಿವಾದರೆ ಒಂದು ಬಟ್ಟಲು ಹೆಸರುಕಾಳಿನ ಉಸಲಿ ಅಥವಾ ಮೊಟ್ಟೆಯೊಂದಿಗೆ ಒಂದು ಲೋಟ ಮಜ್ಜಿಗೆ, ಅದೂ ಹಸಿವಿಗಾಗಿ, ಗಡಿಯಾರದ ಅಂಕಿಗಾಗಿ ಅಲ್ಲ. ವಾರಕ್ಕೆ ನಾಲ್ಕು ಬೆಳಗ್ಗೆ ತೂಗಿ ಸರಾಸರಿ ತೆಗೆಯಬೇಕು. ಮುಟ್ಟಿನ ಮುಂಚಿನ ವಾರ ನೀರು ನಿಂತು ತೂಕ ಏರುವುದರಿಂದ, ಈ ತಿಂಗಳ ಆ ವಾರವನ್ನು ಹಿಂದಿನ ತಿಂಗಳ ಅದೇ ವಾರದೊಂದಿಗೆ ಮಾತ್ರ ಹೋಲಿಸಬೇಕು. ಸೂತ್ರ ಏನೇ ಹೇಳಲಿ, ನಾಲ್ಕು ವಾರದ ಸರಾಸರಿ ಹೇಳುವುದೇ ಅಂತಿಮ.

ನಡಿಗೆ ಹಾಗಾದರೆ ಏಕೆ ಎಂದು ಅವರು ಕೇಳಿದ್ದು ಸಹಜ. ಹೃದಯ, ರಕ್ತದ ಸಕ್ಕರೆ, ನಿದ್ದೆ, ಇಳಿದ ತೂಕ ಮತ್ತೆ ಏರದಂತೆ ಕಾಯುವುದು, ಇವಕ್ಕೆಲ್ಲ ನಡಿಗೆ ಬೇಕೇ ಬೇಕು. ತೂಕ ಇಳಿಸುವ ಸಾಧನವಾಗಿ ಮಾತ್ರ ಅದು ನಾವು ಭಾವಿಸಿದ್ದಕ್ಕಿಂತ ದುರ್ಬಲ. ಅಮೆರಿಕದ ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಟಾಂಜಾನಿಯಾದ ಹಾಡ್ಜಾ ಬೇಟೆಗಾರ ಸಮುದಾಯದ ಕುರಿತು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವೂ ಬಹುದೂರ ನಡೆಯುವ ಅವರ ಒಟ್ಟು ಶಕ್ತಿವ್ಯಯ, ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡಾಗ, ಕುಳಿತು ಬದುಕುವ ಪಾಶ್ಚಾತ್ಯರದಕ್ಕಿಂತ ಬೇರೆಯಾಗಿ ಕಾಣಲಿಲ್ಲ. ಒಂದೆಡೆ ಹೆಚ್ಚು ಖರ್ಚಾದರೆ ದೇಹ ಇನ್ನೊಂದೆಡೆ ಕೈ ಬಿಗಿ ಹಿಡಿಯುತ್ತದೆ ಎಂಬುದು ಅವರ ವಾದ. ಅದು ಎಷ್ಟರ ಮಟ್ಟಿಗೆ ಎಂಬ ಚರ್ಚೆ ತಜ್ಞರಲ್ಲಿ ಇದೆ, ಆದರೆ ಸುಜಾತಾ ತಾವಾಗಿಯೇ ಹೇಳಿದ ಒಂದು ಸಂಗತಿ ಇದಕ್ಕೆ ಹೊಂದುತ್ತಿತ್ತು: ಭಾನುವಾರ ಬೆಳಗ್ಗೆ ನಡೆದು ಬಂದರೆ ಮಧ್ಯಾಹ್ನವೆಲ್ಲ ಮಲಗಿಯೇ ಇರುತ್ತಾರೆ.

ಇನ್ನು ನನ್ನ ತಪ್ಪು. ‘ಒಂದು ಕ್ಯಾಲೊರಿಯನ್ನೂ ಮರಳಿ ತಿನ್ನಬೇಡಿ’ ಎಂದು ಒತ್ತಿ ಹೇಳಿದ ನಾನು, ವಿನಾಯಿತಿಗಳನ್ನು ಹೇಳುವುದನ್ನು ಮರೆತಿದ್ದೆ. ನವೆಂಬರಿನಲ್ಲಿ ಅಡಿಕೆ ಕೊಯ್ಲಿಗೆಂದು ಗಂಡನ ಮನೆಗೆ ಹೋದವರು ಎರಡು ದಿನ, ದಿನಕ್ಕೆ ಐದು ಗಂಟೆ, ಉದುರಡಿಕೆ ಹೆಕ್ಕಿ ಬುಟ್ಟಿಯಲ್ಲಿ ಹೊತ್ತು ತೋಟದಿಂದ ಕಡಿದಾದ ಧರೆ ಹತ್ತಿದರು, ಮತ್ತು ನನ್ನ ಮಾತಿಗೆ ಕಟ್ಟುಬಿದ್ದು ಅದೇ 1,450ರಲ್ಲಿ ನಿಂತರು. ಎರಡನೆಯ ರಾತ್ರಿ ತಲೆನೋವು, ಕೈನಡುಕ. ಅತ್ತೆ ಗದರಿಸಿ ಕಡುಬು ಬಡಿಸಿದರಂತೆ. ಅತ್ತೆಯವರೇ ಸರಿ. ಅಂಥ ದುಡಿಮೆಯಲ್ಲಿ ನಿವ್ವಳ ಖರ್ಚೇ ಸಾವಿರದ ಆಸುಪಾಸು ಇರುತ್ತದೆ, ಅದನ್ನು ಪೂರ್ತಿ ಕೊರತೆಯಾಗಿ ಬಿಡುವುದು ತಪ್ಪು. ಆದ್ದರಿಂದ ಸಲಹೆಯನ್ನು ತಿದ್ದಿದೆ: ದಿನದ ಒಂದು ಗಂಟೆಯ ನಡಿಗೆಗೆ ಏನೂ ಸೇರಿಸುವುದು ಬೇಡ, ಎರಡು ಗಂಟೆ ದಾಟಿದ ಬೆಟ್ಟ ಹತ್ತುವಿಕೆ ಅಥವಾ ತೋಟದ ಕೆಲಸದ ದಿನ, ಚೀಲದ ತೂಕ ಕಳೆದು ಉಳಿದದ್ದರ ಅರ್ಧದಷ್ಟನ್ನಾದರೂ ಊಟದಲ್ಲೇ ಸೇರಿಸಿ ತಿನ್ನಬೇಕು.

ಪೂರ್ತಿ ಬೇರೆ ಉತ್ತರ ಬೇಕಾದವರೂ ಇದ್ದಾರೆ. ಅದೇ ತಿಂಗಳು ಬಂದ 21ರ ಹುಡುಗನೊಬ್ಬ ಪೊಲೀಸ್ ದೈಹಿಕ ಪರೀಕ್ಷೆಗೆಂದು ನೆಹರೂ ಕ್ರೀಡಾಂಗಣದಲ್ಲಿ ದಿನಕ್ಕೆ ಎಂಟು ಕಿಲೋಮೀಟರ್ ಓಡುತ್ತಾ 1,500 ಕ್ಯಾಲೊರಿಯಲ್ಲಿ ಬದುಕುತ್ತಿದ್ದ. ಓಟಕ್ಕೆ ಕಿಲೋಮೀಟರಿಗೆ ದೇಹತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲೊರಿ. 62 ಕಿಲೋದ ಆತನಿಗೆ ಓಟವೊಂದಕ್ಕೇ ಐನೂರು. ಓಟದ ವೇಗ ಇಳಿಯುತ್ತಿದೆ ಎಂದು ಬಂದವನಿಗೆ ಮೊದಲು ತಿನ್ನಲು ಹೇಳಿ ಕಳಿಸಿದೆ. ಕಠಿಣ ತರಬೇತಿ ಮಾಡುತ್ತಾ ಮುಟ್ಟು ತಪ್ಪಿದ ಹೆಣ್ಣುಮಕ್ಕಳು, ಹಾಲೂಡಿಸುವ ತಾಯಂದಿರು, ಬೆಳೆಯುವ ವಯಸ್ಸಿನವರು ಕೊರತೆಯ ಲೆಕ್ಕಕ್ಕೆ ತಾವಾಗಿಯೇ ಇಳಿಯಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ವ್ಯಾಯಾಮದ ದಿನದ ಊಟವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು, ಏಕೆಂದರೆ ಅವರಲ್ಲಿ ಸಕ್ಕರೆ ಏಕಾಏಕಿ ಕುಸಿಯಬಹುದು.

ಜನವರಿಯ ಕೊನೆಯ ಭೇಟಿಯಲ್ಲಿ ಸುಜಾತಾ ಅವರ ನಾಲ್ಕು ಬೆಳಗಿನ ಸರಾಸರಿ 70.6 ಕಿಲೋ ಇತ್ತು. ನಡುವೆ ಮದುವೆಗಳ ಎರಡು ವಾರ ತೂಕ ಕದಲಿರಲಿಲ್ಲ. ಗಡಿಯಾರ ಕೈಯಲ್ಲೇ ಇತ್ತು, ಕ್ಯಾಲೊರಿಯ ಪರದೆಯನ್ನು ಮಗನ ಕೈಯಿಂದ ತೆಗೆಸಿದ್ದರು. ರಾತ್ರಿಯ ಊಟದ ಜಾಗ ಎಲ್ಲ ಪುಟಗಳಲ್ಲೂ ತುಂಬಿತ್ತು; ಹಪ್ಪಳವೂ ಎರಡು ಕಡೆ ಇತ್ತು, ಈ ಬಾರಿ ಅನ್ನದ ಜೊತೆಗೆ, ‘ಎರಡು’ ಎಂದು ಲೆಕ್ಕ ಹಾಕಿ. ಹೊಸ ತೂಕಕ್ಕೆ ದಿನದ ಖರ್ಚು ಐವತ್ತರಷ್ಟು ಇಳಿದಿರುವುದರಿಂದ ಇಳಿಕೆ ಇನ್ನು ಮುಂದೆ ತುಸು ನಿಧಾನವಾಗುತ್ತದೆ ಎಂದು ತಿಳಿಸಿ, ಊಟದ ಅಳತೆಯನ್ನು ಸದ್ಯಕ್ಕೆ ಹಾಗೆಯೇ ಉಳಿಸಿ, ಮಳೆಗಾಲಕ್ಕೆ ಮುಂಚೆ ಒಮ್ಮೆ ಬರಲು ಹೇಳಿದ್ದೇನೆ.