ಬಾಟ್‌ಗಳ ಕಾಳಗಕ್ಕೆ ಕಟ್ಟಳೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಕಾಲೇಜ್ ಫೆಸ್ಟ್‌ನಲ್ಲಿ ಸ್ಟ್ರಾಟಜಿ ಗೇಮ್ ಆಡುವ ಎಐ ಬಾಟ್‌ಗಳ (ತಾವೇ ಆಡುವ ಪ್ರೋಗ್ರಾಂಗಳ) ಸ್ಪರ್ಧೆ ಇಡಬೇಕೆಂದಿದ್ದೇವೆ. 12 ತಂಡಗಳು ಹೆಸರು ಕೊಟ್ಟಿವೆ, ಲ್ಯಾಬಿನಲ್ಲಿ 12 ಕಂಪ್ಯೂಟರ್‌ಗಳಿವೆ. ಪಡೆ ಕಟ್ಟಿ ಕಾದಾಡುವ ಸ್ಟಾರ್‌ಕ್ರಾಫ್ಟ್ ಗೇಮ್ ಆಡಿಸೋಣವೇ? ನಾಕೌಟ್ ಇಟ್ಟರೆ ಒಂದೇ ದಿನಕ್ಕೆ ಮುಗಿಯುತ್ತದಲ್ಲವೇ?
— ವಿದ್ಯಾರ್ಥಿಗಳು, ಯಲಹಂಕ

ಉತ್ತರ: ಮೊದಲ ವರ್ಷವೇ ಸ್ಟಾರ್‌ಕ್ರಾಫ್ಟ್‌ಗೆ ಕೈಹಾಕಬೇಡಿ. ಬಾಟ್‌ಗಳನ್ನು ಆಟಕ್ಕೆ ಜೋಡಿಸುವ ಬಿಡಬ್ಲ್ಯೂಎಪಿಐ ಎಂಬ ಸಾಫ್ಟ್‌ವೇರ್‌ಗೆ ಸ್ಟಾರ್‌ಕ್ರಾಫ್ಟ್‌ನ ವಿಸ್ತರಣೆಯಾದ ಬ್ರೂಡ್ ವಾರ್‌ನ ಹಳೆಯ 1.16.1 ಆವೃತ್ತಿಯೇ ಬೇಕು. ಅದನ್ನು ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ರೀತಿ ಕೂರಿಸುವಷ್ಟರಲ್ಲಿ ಫೆಸ್ಟ್ ಮುಗಿದಿರುತ್ತದೆ. ಜಾವಾದಲ್ಲಿ ಬರೆದ, ಉಚಿತವಾಗಿ ಸಿಗುವ ಮೈಕ್ರೋಆರ್‌ಟಿಎಸ್ ಎಂಬ ಅದೇ ಬಗೆಯ ಪುಟ್ಟ ಗೇಮ್ ಸಾಕು. ಬೇಸ್ (ನೆಲೆ), ಬ್ಯಾರಕ್ಸ್ (ಸೈನಿಕರನ್ನು ತಯಾರಿಸುವ ಕಟ್ಟಡ), ನಾಲ್ಕು ಬಗೆಯ ಪಡೆ, ಅಷ್ಟೇ ಆಟ. ಆದರೂ ಚೆನ್ನಾಗಿ ಆಡುವ ಬಾಟ್ ಬರೆಯುವುದು ಸುಲಭವಲ್ಲ.

ನಾಕೌಟ್ ಬೇಡವೇ ಬೇಡ. ಬಾಟ್‌ಗಳ ಬಲಾಬಲ ಕಲ್ಲು-ಕಾಗದ-ಕತ್ತರಿಯ ಹಾಗೆ. 'ಅ'ಯನ್ನು 'ಆ' ಸೋಲಿಸುತ್ತದೆ, 'ಆ'ಯನ್ನು 'ಇ' ಸೋಲಿಸುತ್ತದೆ, 'ಇ'ಯನ್ನು ಮತ್ತೆ 'ಅ' ಸೋಲಿಸುತ್ತದೆ. ಕೆಲಸಗಾರರನ್ನೇ ಸಾಲುಸಾಲಾಗಿ ಹೊರಡಿಸಿ ಎದುರಾಳಿಯ ಮೇಲೆ ನುಗ್ಗಿಸುವ 'ವರ್ಕರ್ ರಶ್' 8×8 ಮ್ಯಾಪಿನಲ್ಲಿ ಹಲವರನ್ನು ಮಣ್ಣುಮುಕ್ಕಿಸುತ್ತದೆ. ದೊಡ್ಡ ಮ್ಯಾಪಿನಲ್ಲಿ ಅದೇ ಪಡೆ ನಡೆದು ಬರುವಷ್ಟರಲ್ಲಿ ಎದುರಾಳಿ ಬ್ಯಾರಕ್ಸ್ ಕಟ್ಟಿ ಕಾದಿರುತ್ತಾನೆ. ಹಾಗಾಗಿ ಎಲ್ಲರೂ ಎಲ್ಲರೊಂದಿಗೆ ಆಡುವ ರೌಂಡ್ ರಾಬಿನ್ ಇಡಿ.

ಲೆಕ್ಕ ಹೀಗೆ: 12 ತಂಡಗಳಿಂದ 66 ಜೋಡಿ. ಪಕ್ಕ ಬದಲಿಸಿ ಎರಡೆರಡು ಸಲ ಆಡಿಸಿದರೆ 132. ಮ್ಯಾಪ್ ನಾಲ್ಕು: 8×8, 16×16, 24×24, 32×32. ಇವುಗಳಿಗೆ ಕ್ರಮವಾಗಿ 3000, 4000, 5000, 6000 ಸೈಕಲ್ (ಆಟ ಒಂದು ಹೆಜ್ಜೆ ಮುಂದೆ ಸಾಗುವುದೇ ಒಂದು ಸೈಕಲ್) ಮಿತಿ ಇಡಿ, ಒಟ್ಟು 18,000. ಸೈಕಲ್‌ಗೆ ಪ್ರತಿ ಬಾಟ್‌ಗೆ 100 ಮಿಲಿಸೆಕೆಂಡ್ ಕೊಟ್ಟರೆ, ಇಬ್ಬರೂ ಪೂರ್ತಿ ಸಮಯ ತಿಂದರೂ ನಾಲ್ಕು ಮ್ಯಾಪ್‌ಗೆ 3600 ಸೆಕೆಂಡ್, ಅಂದರೆ ಒಂದು ಗಂಟೆ. ಒಂದೇ ಕಂಪ್ಯೂಟರ್‌ನಲ್ಲಿ 132 ಗಂಟೆ. 12ಕ್ಕೆ ಹಂಚಿದರೆ 11. ಸಂಜೆ ಆರಕ್ಕೆ ಶುರು ಮಾಡಿದರೆ ಬೆಳಗಿನ ಕಾಫಿ ಹೊತ್ತಿಗೆ ಫಲಿತಾಂಶ ಕೈಯಲ್ಲಿರುತ್ತದೆ.

ಎರಡು ಎಚ್ಚರಿಕೆ. ಪ್ರತಿ ಪಂದ್ಯ ಮುಗಿದ ಕೂಡಲೇ ಫಲಿತಾಂಶ ಫೈಲಿಗೆ ಬರೆಯುವಂತಿರಲಿ. ಮಳೆ ಬಂದು ಕರೆಂಟ್ ಹೋಯಿತೆಂದರೆ ನಿಂತಲ್ಲಿಂದಲೇ ಮುಂದುವರಿಸಬಹುದು. ಇನ್ನೊಂದು, ಕಂಪ್ಯೂಟರ್‌ಗಳು ಒಂದೇ ಮಾದರಿಯವಾಗಿರಬೇಕು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರೋಡಿನಿಂದ ಒಂದಕ್ಕೆ 4 ಜಿಬಿ, ಇನ್ನೊಂದಕ್ಕೆ 16 ಜಿಬಿ ರ‍್ಯಾಮ್ ತಂದು ಹಾಕಿದ್ದರೆ, ಒಂದು ಜೋಡಿಯ ಎಂಟೂ ಪಂದ್ಯಗಳನ್ನು ಒಂದೇ ಕಂಪ್ಯೂಟರ್‌ನಲ್ಲಿ ಆಡಿಸಿ.

ಪ್ರಶ್ನೆ: ಗೆಲ್ಲುವ ಹಂತದಲ್ಲಿದ್ದ ನನ್ನ ಬಾಟ್ ಸಮಯ ಮೀರಿತೆಂದು ಸೋತಿತು. ಮೀರಿದ್ದು ಒಂದೇ ಒಂದು ಸಲ, ಅದೂ 30 ಮಿಲಿಸೆಕೆಂಡ್. ಇದು ಸರಿಯೇ?
— ಓದುಗರೊಬ್ಬರು, ಬನಶಂಕರಿ

ಉತ್ತರ: ನಿಯಮ ಮೊದಲೇ ಬರೆದಿದ್ದರೆ ಸರಿ. ಆದರೆ ಒಳ್ಳೆಯ ನಿಯಮವಲ್ಲ. ಎಐಐಡಿಇ ಎಂಬ ಎಐ ಸಮ್ಮೇಳನದ ಅಂಗವಾಗಿ 2010ರಲ್ಲಿ ಶುರುವಾದ ಸ್ಟಾರ್‌ಕ್ರಾಫ್ಟ್ ಬಾಟ್ ಸ್ಪರ್ಧೆ ಮೂರು ಮೆಟ್ಟಿಲು ಇಟ್ಟಿತು: 10 ಸೆಕೆಂಡ್ ಮೀರಿದ ಫ್ರೇಮ್ (ಸ್ಟಾರ್‌ಕ್ರಾಫ್ಟ್‌ನಲ್ಲಿ ಆಟದ ಒಂದು ಹೆಜ್ಜೆ) ಒಂದಾದರೆ ಸೋಲು, 1 ಸೆಕೆಂಡ್ ಮೀರಿದವು 10 ಆದರೆ ಸೋಲು, 55 ಮಿಲಿಸೆಕೆಂಡ್ ಮೀರಿದವು 320 ಆದರೆ ಸೋಲು. ಆಗೊಮ್ಮೆ ಈಗೊಮ್ಮೆ ಎಡವಿದವನನ್ನು ಹೊರಹಾಕುವುದಿಲ್ಲ, ಪದೇಪದೇ ಎಳೆದಾಡುವವನನ್ನು ಬಿಡುವುದೂ ಇಲ್ಲ. ಆಯೋಜಕರು ಇದನ್ನೇ ತಮ್ಮ ಆಟಕ್ಕೆ ಒಗ್ಗಿಸಿಕೊಳ್ಳಬೇಕು.

ನಿಮ್ಮ ಬಾಟ್ ಜಾವಾದ್ದಾದರೆ ಕಾರಣ ಬಹುಶಃ ಗಾರ್ಬೇಜ್ ಕಲೆಕ್ಷನ್. ಪ್ರತಿ ಸೈಕಲ್‌ನಲ್ಲಿ ಸಾವಿರಾರು ಹೊಸ ಆಬ್ಜೆಕ್ಟ್ ಹುಟ್ಟಿಸಿದರೆ, ಜಾವಾ ಯಾವಾಗಲಾದರೊಮ್ಮೆ ಎಲ್ಲವನ್ನೂ ನಿಲ್ಲಿಸಿ ಕಸ ಗುಡಿಸಲು ನಿಲ್ಲುತ್ತದೆ. ಆ ಹೊತ್ತೂ ನಿಮ್ಮ ಲೆಕ್ಕಕ್ಕೇ. ಮಿತಿ 100 ಮಿಲಿಸೆಕೆಂಡ್ ಇದ್ದರೆ, ಮುಂದಿನ ನಡೆಯ ಹುಡುಕಾಟದ ಲೂಪಿನಲ್ಲಿ ಗಡಿಯಾರ ನೋಡುತ್ತಾ 80ಕ್ಕೇ ನಿಲ್ಲಿಸಿ, ಉಳಿದ 20 ಇಂಥದ್ದಕ್ಕೆಂದು ಮೀಸಲಿಡಿ. ಹಳೆಯ ಅರೇಗಳನ್ನೇ ಮತ್ತೆ ಬಳಸಿ. ಮೊದಲ ಕೆಲವು ಸೈಕಲ್ ನಿಧಾನವಾಗುವುದಕ್ಕೆ ಕಾರಣ ಬೇರೆ: ಕೋಡ್ ಇನ್ನೂ ಬಿಸಿಯಾಗಿರುವುದಿಲ್ಲ, ಅಂದರೆ ಪದೇಪದೇ ಓಡಿದ ಮೇಲಷ್ಟೇ ಜಾವಾ ಅದನ್ನು ವೇಗಗೊಳಿಸುತ್ತದೆ. ಆಟ ಶುರುವಾಗುವ ಮೊದಲು ಕೊಡುವ ಸಮಯದಲ್ಲಿ ಹುಡುಕಾಟವನ್ನು ಒಂದಿಷ್ಟು ಸುಮ್ಮನೆ ಓಡಿಸಿಬಿಡಿ.

ಆಯೋಜಕರಿಗೂ ಒಂದು ಮಾತು: ತನ್ನ ಸರದಿ ಮುಗಿದ ಮೇಲೂ ಹಿನ್ನೆಲೆಯಲ್ಲಿ ಥ್ರೆಡ್ (ಜೊತೆಜೊತೆಗೆ ನಡೆಯುವ ಕೆಲಸದ ಎಳೆ) ಓಡಿಸುವ ಬಾಟ್ ಎದುರಾಳಿಯ ಸಿಪಿಯು ಕದಿಯುತ್ತದೆ. ಅದನ್ನು ಸ್ಪಷ್ಟವಾಗಿ ನಿಷೇಧಿಸಿ. ಎರಡೂ ಬಾಟ್‌ಗಳನ್ನು ಬೇರೆ ಬೇರೆ ಪ್ರೋಸೆಸ್‌ನಲ್ಲಿ, ಸಮಾನ ಮೆಮೊರಿ ಮಿತಿಯಲ್ಲಿ ಓಡಿಸಿ. ಇಲ್ಲದಿದ್ದರೆ ಒಬ್ಬ ಮಾಡಿದ ಕಸ ಇನ್ನೊಬ್ಬನ ಸರದಿಯಲ್ಲಿ ಗುಡಿಸಲ್ಪಟ್ಟು, ಸೋಲು ಅವನ ತಲೆಗೆ ಬೀಳುತ್ತದೆ.

ಪ್ರಶ್ನೆ: ಮಂಜು ಕವಿದ (ತನ್ನ ಪಡೆಗೆ ಕಾಣದಂತೆ ಆಟ ಮುಚ್ಚಿಟ್ಟ) ಭಾಗವನ್ನೂ ಬಾಟ್ ನೋಡುವುದು, ಮನುಷ್ಯರ ಕೈಗೆ ಸಾಧ್ಯವೇ ಇಲ್ಲದ ವೇಗದಲ್ಲಿ ಆಜ್ಞೆ ಕೊಡುವುದು ಮೋಸವಲ್ಲವೇ?
— ಶಿಕ್ಷಕಿ, ಮಲ್ಲೇಶ್ವರ

ಉತ್ತರ: ಮೊದಲನೆಯದು ಮೋಸ, ಎರಡನೆಯದು ಅಲ್ಲ. ಸ್ಟಾರ್‌ಕ್ರಾಫ್ಟ್ ಸ್ಪರ್ಧೆಗಳಲ್ಲಿ ಪೂರ್ಣ ಮ್ಯಾಪ್ ತೋರಿಸುವ ಸೆಟ್ಟಿಂಗ್ ಆಫ್ ಆಗಿಯೇ ಇರುತ್ತದೆ. ಮೈಕ್ರೋಆರ್‌ಟಿಎಸ್‌ನಲ್ಲಿ ಮಾತ್ರ ಸಾಮಾನ್ಯವಾಗಿ ಎಲ್ಲವೂ ಕಾಣುತ್ತದೆ. ಮಂಜು ಬೇಕಿದ್ದರೆ ನೀವೇ ಆನ್ ಮಾಡಬೇಕು, ನಿಯಮದಲ್ಲೂ ಬರೆಯಬೇಕು. ವೇಗಕ್ಕೆ ಕಡಿವಾಣ ಬೇಕಾಗುವುದು ಎದುರಾಳಿ ಮನುಷ್ಯನಾದಾಗ. 2019ರಲ್ಲಿ ಡೀಪ್‌ಮೈಂಡ್ ಕಂಪನಿಯ ಸ್ಟಾರ್‌ಕ್ರಾಫ್ಟ್ 2 ಆಡುವ ಬಾಟ್ ಆಲ್ಫಾಸ್ಟಾರ್‌ಗೆ 5 ಸೆಕೆಂಡಿಗೆ 22 ಆಜ್ಞೆಗಳ ಮಿತಿ ಹಾಕಿದ್ದು ಅದಕ್ಕೇ. ಬಾಟ್‌ಗೆ ಬಾಟೇ ಎದುರಾದಾಗ ಇಬ್ಬರ ಬೆರಳಿಗೂ ಸುಸ್ತಿಲ್ಲ.

ಪ್ರಶ್ನೆ: ಹಿಂದಿನ ಪಂದ್ಯದಿಂದ ಬಾಟ್ ಕಲಿಯಲು ಬಿಡಬಹುದೇ? ಡ್ರಾ ಆದರೆ ಏನು ಮಾಡುವುದು?
— ಓದುಗರೊಬ್ಬರು, ವಿಜಯನಗರ

ಉತ್ತರ: ಬಿಡಬಹುದು, ಆದರೆ ಓದುವ ಫೋಲ್ಡರ್, ಬರೆಯುವ ಫೋಲ್ಡರ್ ಬೇರೆ ಬೇರೆಯಾಗಿರಲಿ. ಎಲ್ಲ ಜೋಡಿಗಳ ಒಂದು ಸುತ್ತು ಮುಗಿದ ಮೇಲೆ ಬರೆದದ್ದನ್ನು ಓದುವ ಕಡೆಗೆ ನಕಲಿಸಿ. ಪ್ರತಿ ಪಂದ್ಯಕ್ಕೂ ನಕಲಿಸಿದರೆ ತಡವಾಗಿ ಆಡಿದವನಿಗೆ ಹೆಚ್ಚು ಪಾಠ ಸಿಕ್ಕಂತಾಗುತ್ತದೆ. ತಂಡಕ್ಕೆ 100 ಎಂಬಿ ಧಾರಾಳವಾಯಿತು.

ಡ್ರಾ ವಿಷಯ: ಗೆಲುವಿಗೆ 1, ಡ್ರಾಗೆ ಅರ್ಧ ಅಂಕ. ಸ್ಟಾರ್‌ಕ್ರಾಫ್ಟ್ ಬಾಟ್ ಸ್ಪರ್ಧೆಯಲ್ಲಾದರೆ ಆಟದ ಲೆಕ್ಕದಲ್ಲಿ ಸುಮಾರು ಒಂದು ಗಂಟೆ ಕಳೆದರೂ ಇತ್ಯರ್ಥವಾಗದಿದ್ದರೆ ಆಟದ ಒಳಗಿನ ಸ್ಕೋರ್ ಹೆಚ್ಚಿದ್ದವನೇ ಗೆದ್ದಂತೆ.