ಟ್ಯಾಂಕರ್ ರೈಲು ಪಕ್ಕದಲ್ಲೇ ನಿಂತಿದ್ದರೆ?

ಪ್ರಶ್ನೆ: ವೈಟ್‌ಫೀಲ್ಡ್, ದೇವನಗುಂದಿ ಕಡೆ ಪೆಟ್ರೋಲ್ ಟ್ಯಾಂಕರ್ ರೈಲುಗಳು ನಿಂತಿರುತ್ತವೆ. ಸ್ವಲ್ಪ ಸೋರಿದರೂ ಅಪಾಯವೇ? ಕಾನೂನು ಏನು ಹೇಳುತ್ತದೆ?
– ಓದುಗರೊಬ್ಬರು, ಕಾಡುಗೋಡಿ

ಉತ್ತರ: ಹೌದು, ಅಪಾಯವೇ. ಹೊತ್ತಿಕೊಳ್ಳುವುದು ದ್ರವವಲ್ಲ, ಅದರ ಆವಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಮೇಲೇರದೆ ಚರಂಡಿ, ತಗ್ಗುಗಳಲ್ಲಿ ಹರಿದು ದೂರದ ಕಿಡಿಯನ್ನೂ ಮುಟ್ಟಬಲ್ಲದು. ಹಾಗಾಗಿ ವಾಸನೆ ಬಂದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ, ಎತ್ತರದ ಕಡೆಗೆ ಸರಿಯಿರಿ. ಅಲ್ಲಿ ಬೈಕ್ ಸ್ಟಾರ್ಟ್ ಮಾಡಬೇಡಿ. ದೂರ ಹೋದ ಮೇಲೆ 139 (ರೈಲ್ವೆ ಸಹಾಯವಾಣಿ) ಅಥವಾ 112ಕ್ಕೆ ಕರೆ ಮಾಡಿ. ಹೊತ್ತಿಕೊಂಡರೆ ಬಕೆಟ್ ನೀರು ಸುರಿಯಬೇಡಿ, ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಅದಕ್ಕೆ ಬೆಂಕಿ ನಂದಿಸುವ ನೊರೆ (ಫೋಮ್) ಬೇಕು.

ಟ್ಯಾಂಕನ್ನು ಕಂಠಪೂರ್ತಿ ತುಂಬುವುದಿಲ್ಲ. ಬಿಸಿಲಿಗೆ ಇಂಧನ ಹಿಗ್ಗಲು ಜಾಗ ಬೇಕಲ್ಲ! ತುಂಬುವ ಮುನ್ನ ವ್ಯಾಗನ್‌ಗೆ ಅರ್ಥಿಂಗ್ ಕೊಡುವುದು ಸ್ಥಿರವಿದ್ಯುತ್ತಿನ ಕಿಡಿ ತಪ್ಪಿಸಲು.

ಅಪಾಯಕಾರಿ ಸರಕಿನ ಸಾಗಣೆ ನಿಯಮಗಳು ರೈಲ್ವೆಯ 'ರೆಡ್ ಟ್ಯಾರಿಫ್'ನಲ್ಲಿವೆ. ಅಕ್ರಮವಾಗಿ ಸಾಗಿಸಿದರೆ 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಡಿ 3 ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡದ ಮೊತ್ತ ನಗು ತರಿಸುವಂಥದ್ದೇ.

ಸೆಲ್ಫಿಗಾಗಿ ವ್ಯಾಗನ್ ಹತ್ತುವವರಿಗೆ ಒಂದು ಮಾತು: ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ, ಮುಟ್ಟದಿದ್ದರೂ ಹೊಡೆಯುತ್ತದೆ.